ನಡುವೆ ವಿಮಾನ ಬದಲಿಸುವ ದೇಶಕ್ಕೂ ವಿಸಾ ಬೇಕೇ? ಟಿಕೆಟ್ ಕೊಳ್ಳುವ ಮೊದಲು ನೋಡಬೇಕಾದ್ದು

ಭಾರತದ ಪಾಸ್‌ಪೋರ್ಟ್ ಇರುವವರು ಕನೆಕ್ಟಿಂಗ್ ಟಿಕೆಟ್ ತೆಗೆಯುವಾಗ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ಈ ಟಿಕೆಟ್ಟು, ಈ ಲಗೇಜು ಇಟ್ಟುಕೊಂಡು ನಡುವಿನ ನಿಲ್ದಾಣದಲ್ಲಿ ಇಮಿಗ್ರೇಷನ್ ಕೌಂಟರ್ ದಾಟಬೇಕಾಗುತ್ತದೆಯೇ? ದಾಟಬೇಕು ಅಂತಾದರೆ ಆ ದೇಶಕ್ಕೆ ಪ್ರವೇಶಿಸುವ ಅನುಮತಿ ಬೇಕೇ ಬೇಕು, ಎರಡೇ ಗಂಟೆ ಇದ್ದರೂ ಅಷ್ಟೇ. ದಾಟಬೇಕಿಲ್ಲ ಅಂದರೆ ಹೆಚ್ಚಿನ ದೇಶಗಳು ಏನನ್ನೂ ಕೇಳುವುದಿಲ್ಲ. ಆದರೆ ಕೆಲವು ದೇಶಗಳು ಒಳಗೇ ಕುಳಿತು ಮುಂದಿನ ವಿಮಾನ ಹತ್ತುವ ಭಾರತೀಯರಿಗೂ ವಿಸಾ ಕೇಳುತ್ತವೆ. ಜನ ಎಡವುವುದು ಹೆಚ್ಚಾಗಿ ಇಲ್ಲಿಯೇ.

ತಪ್ಪು ಗೊತ್ತಾಗುವುದು ಆ ದೇಶ ತಲುಪಿದ ಮೇಲಲ್ಲ, ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಚೆಕ್-ಇನ್ ಕೌಂಟರ್‌ನಲ್ಲೇ. ದಾಖಲೆ ಸರಿಯಿಲ್ಲದವರನ್ನು ಕರೆತಂದ ವಿಮಾನ ಕಂಪನಿಗೆ ಆಯಾ ದೇಶಗಳು ದಂಡ ಹಾಕುತ್ತವೆ. ಬ್ರಿಟನ್‌ನಲ್ಲಿ ಅದು ಒಬ್ಬರಿಗೆ 2000 ಪೌಂಡ್. ಜೊತೆಗೆ ಅವರನ್ನು ವಾಪಸ್ ಕರೆದೊಯ್ಯುವ ಹೊಣೆಯೂ ಕಂಪನಿಯದೇ. ಹಾಗಾಗಿ ಕೌಂಟರ್ ಸಿಬ್ಬಂದಿ ಸಂಶಯ ಬಂದರೆ ಹತ್ತಿಸುವುದಿಲ್ಲ, ಹತ್ತಿಸಲಿಲ್ಲ ಅಂತ ಪರಿಹಾರವೂ ಸಿಗುವುದಿಲ್ಲ. ವಿಮಾನ ಹತ್ತಿಸದಿದ್ದರೆ, ರದ್ದಾದರೆ ಹಣ ಕೊಡಿಸುವ ಯುರೋಪಿನ 261ನೇ ನಿಯಮವೂ ದಾಖಲೆ ಸರಿಯಿಲ್ಲದೆ ತಡೆಯಲ್ಪಟ್ಟವರನ್ನು ಹೊರಗೇ ಇಟ್ಟಿದೆ. ಟಿಕೆಟ್ ಮಾರಿದ ವೆಬ್‌ಸೈಟು ಅಥವಾ ಏಜೆಂಟು ‘ವಿಸಾ ಪರಿಶೀಲನೆ ಪ್ರಯಾಣಿಕರ ಜವಾಬ್ದಾರಿ’ ಅಂತ ಷರತ್ತಿನಲ್ಲಿ ಮೊದಲೇ ಬರೆದುಕೊಂಡಿರುತ್ತಾರೆ.

ನಿಮ್ಮ ಟಿಕೆಟ್ಟನ್ನು ಓದುವ ಬಗೆ

ಹಣ ಕಟ್ಟುವ ಮೊದಲು ಇಟಿನರರಿ (ಪ್ರಯಾಣದ ವಿವರಪಟ್ಟಿ) ತೆರೆದು ಮೂರು ವಿಷಯ ನೋಡಿ.

ಮೊದಲನೆಯದು ಪಿಎನ್‌ಆರ್, ಅಂದರೆ ಬುಕಿಂಗ್ ಸಂಖ್ಯೆ. ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿ ಇವೆಯೋ, ಬೇರೆ ಬೇರೆ ಟಿಕೆಟ್ಟುಗಳನ್ನು ಜೋಡಿಸಿ ಮಾರಿದ್ದಾರೋ? ಅಗ್ಗದ ದರ ತೋರಿಸುವ ಸೈಟುಗಳಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅದರರ್ಥ, ನಡುವಿನ ಊರಿನಲ್ಲಿ ಇಮಿಗ್ರೇಷನ್ ದಾಟಿ, ಬೆಲ್ಟಿನಿಂದ ಬ್ಯಾಗ್ ತೆಗೆದು, ಹೊರಗೆ ಬಂದು, ಮತ್ತೆ ಚೆಕ್-ಇನ್ ಮಾಡಬೇಕು. ಒಳಗೊಳಗೇ ವಿಮಾನ ಬದಲಿಸಲು ವಿಸಾ ಬೇಡದ ನಿಲ್ದಾಣವೂ ಇಂಥ ಟಿಕೆಟ್‌ನಲ್ಲಿ ವಿಸಾ ಬೇಕಾದ ನಿಲ್ದಾಣವಾಗಿಬಿಡುತ್ತದೆ. ಉಳಿಯುವ ಆರೇಳು ಸಾವಿರ ರೂಪಾಯಿಗೆ ಇದು ಯೋಗ್ಯವಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ವಯಸ್ಸಾದ ತಂದೆತಾಯಿಗೆ ಟಿಕೆಟ್ ತೆಗೆಯುವಾಗಲಂತೂ ಸೆಲ್ಫ್ ಟ್ರಾನ್ಸ್‌ಫರ್ ಕಡೆ ತಿರುಗಿಯೂ ನೋಡಬೇಡಿ.

ಎರಡನೆಯದು ಬ್ಯಾಗಿನ ಟ್ಯಾಗ್. ಒಂದೇ ಪಿಎನ್‌ಆರ್ ಇದ್ದರೂ ಕೌಂಟರ್‌ನಲ್ಲಿ ಬ್ಯಾಗಿಗೆ ಅಂಟಿಸುವ ಉದ್ದನೆಯ ಪಟ್ಟಿಯನ್ನು ಅಲ್ಲೇ ನಿಂತು ಓದಿ. ದಪ್ಪಕ್ಷರದಲ್ಲಿ ಕಾಣುವ ಮೂರಕ್ಷರದ ಕೋಡ್ ಬ್ಯಾಗು ಕೊನೆಗೆ ಹೋಗುವ ಊರಿನದು. ದಾರಿಯಲ್ಲಿ ಬದಲಾಗುವ ಊರುಗಳ ಕೋಡ್‌ಗಳೂ ವಿಮಾನ ಸಂಖ್ಯೆಯ ಜೊತೆ ಅಲ್ಲೇ ಇರುತ್ತವೆ. ನೀವು ಹೋಗುತ್ತಿರುವುದು ಲಿಸ್ಬನ್‌ಗೆ, ಟ್ಯಾಗಿನಲ್ಲಿ ಫ್ರಾಂಕ್‌ಫರ್ಟ್ ಮಾತ್ರ ಇದೆ ಅಂದರೆ ಬ್ಯಾಗು ಫ್ರಾಂಕ್‌ಫರ್ಟ್ ಬೆಲ್ಟಿಗೆ ಬೀಳುತ್ತದೆ, ನೀವು ಹೊರಗೆ ಹೋಗಿ ತೆಗೆದುಕೊಳ್ಳಬೇಕಾಗುತ್ತದೆ. ಎರಡೂ ವಿಮಾನದ ಬೋರ್ಡಿಂಗ್ ಪಾಸ್ ಬೆಂಗಳೂರಿನಲ್ಲೇ ಸಿಕ್ಕರೆ ಅರ್ಧ ಚಿಂತೆ ಕಳೆಯಿತು. ಎರಡನೆಯದು ‘ಅಲ್ಲಿ ತೆಗೆದುಕೊಳ್ಳಿ’ ಅಂದರೆ, ಆ ನಿಲ್ದಾಣದಲ್ಲಿ ಎರಡನೇ ಕಂಪನಿಗೆ ಒಳಗಿನ ಟ್ರಾನ್ಸ್‌ಫರ್ ಡೆಸ್ಕ್ ಇದೆಯೇ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಬರೀ ಕೈಚೀಲದಲ್ಲಿ ಹೋಗುವವರು ಇಂಥ ಡೆಸ್ಕ್ ಇದ್ದರೆ ಬೇರೆ ಬೇರೆ ಟಿಕೆಟ್‌ನಲ್ಲೂ ಒಳಗಿನಿಂದಲೇ ಮುಂದಕ್ಕೆ ಹೋಗಬಹುದು. ಚೆಕ್-ಇನ್ ಬ್ಯಾಗು ಇದ್ದರೆ ಆ ದಾರಿ ಮುಚ್ಚಿದಂತೆ.

ಮೂರನೆಯದು ನಿಲ್ದಾಣದ ಹೆಸರು. ಊರು ಒಂದೇ ಇದ್ದು ನಿಲ್ದಾಣ ಬೇರೆ ಇರಬಹುದು: ಲಂಡನ್‌ನಲ್ಲಿ ಹೀಥ್ರೂ ಮತ್ತು ಗ್ಯಾಟ್ವಿಕ್, ಟೋಕಿಯೊದಲ್ಲಿ ನರಿಟಾ ಮತ್ತು ಹನೇಡಾ, ಬ್ಯಾಂಕಾಕ್‌ನಲ್ಲಿ ಸುವರ್ಣಭೂಮಿ ಮತ್ತು ಡಾನ್ ಮುಆಂಗ್, ಪ್ಯಾರಿಸ್‌ನಲ್ಲಿ ಶಾರ್ಲ್ ದ ಗಾಲ್ ಮತ್ತು ಓರ್ಲಿ. ಒಂದರಲ್ಲಿ ಇಳಿದು ಇನ್ನೊಂದರಿಂದ ಹೊರಡುವುದಾದರೆ ಊರೊಳಗೆ ಹೋಗಲೇಬೇಕು, ಅಂದರೆ ಪೂರ್ಣ ಪ್ರವೇಶಾನುಮತಿ ಬೇಕು.

ಟರ್ಮಿನಲ್ ಬದಲಾದರೂ ಕೆಲವೆಡೆ ಇದೇ ಕಥೆ. ಕ್ವಾಲಾಲಂಪುರದಲ್ಲಿ ಏರ್‌ಏಷ್ಯಾ ಟರ್ಮಿನಲ್ 2ರಲ್ಲಿದೆ, ಮಲೇಷ್ಯಾ ಏರ್‌ಲೈನ್ಸ್ ಟರ್ಮಿನಲ್ 1ರಲ್ಲಿ. ಬೇರೆ ಬೇರೆ ಟಿಕೆಟ್‌ನಲ್ಲಿ ಬಂದವರು ಹೊರಗೆ ಬಂದು ರೈಲಿನಲ್ಲೋ ಬಸ್ಸಿನಲ್ಲೋ ದಾಟಬೇಕು. 2023ರ ಡಿಸೆಂಬರ್‌ನಿಂದ ಮಲೇಷ್ಯಾ ಭಾರತೀಯರಿಗೆ 30 ದಿನ ವಿಸಾ ಇಲ್ಲದೆ ಪ್ರವೇಶ ಕೊಡುತ್ತಿದೆ, ಈ ಸೌಲಭ್ಯವನ್ನು 2026ರ ಕೊನೆಯವರೆಗೆ ವಿಸ್ತರಿಸಿದೆ. ಆದರೆ ಹೊರಗೆ ಬರುವವರು ತಲುಪುವ ಮುಂಚಿನ ಮೂರು ದಿನದೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬಿರಬೇಕು. ಏರ್‌ಏಷ್ಯಾದ ಎರಡು ವಿಮಾನಗಳನ್ನೇ ‘ಫ್ಲೈ-ಥ್ರೂ’ ಆಗಿ ಒಂದೇ ಟಿಕೆಟ್‌ನಲ್ಲಿ ಕೊಂಡರೆ ಈ ಗೋಜಿಲ್ಲ, ಬ್ಯಾಗೂ ನೇರ ಹೋಗುತ್ತದೆ.

ಅಮೆರಿಕ: ಒಳಗೊಳಗೇ ದಾಟುವ ದಾರಿಯೇ ಇಲ್ಲ

ಬೆಂಗಳೂರಿನಿಂದ ಮೆಕ್ಸಿಕೊ, ಬ್ರೆಜಿಲ್, ಪೆರು ಕಡೆ ಕೆಲಸದ ಮೇಲೆ ಹೋಗುವವರಿಗೆ ಚಿಕಾಗೊ, ಡಲ್ಲಾಸ್, ಮಯಾಮಿ ಮೂಲಕ ಅಗ್ಗದ ಟಿಕೆಟ್ ಕಾಣುತ್ತದೆ. ಅಮೆರಿಕದ ನಿಲ್ದಾಣಗಳಲ್ಲಿ ಅಂತಾರಾಷ್ಟ್ರೀಯ ಟ್ರಾನ್ಸಿಟ್ ವಲಯ (ಇಮಿಗ್ರೇಷನ್ ದಾಟದೆ ವಿಮಾನ ಬದಲಿಸುವ ಜಾಗ) ಅನ್ನುವುದೇ ಇಲ್ಲ. ಇಳಿದ ಪ್ರತಿಯೊಬ್ಬರೂ ಇಮಿಗ್ರೇಷನ್ ದಾಟಿ, ಸಾಮಾನ್ಯವಾಗಿ ಬ್ಯಾಗ್ ತೆಗೆದು, ಕಸ್ಟಮ್ಸ್ ಮುಗಿಸಿ ಮತ್ತೆ ಒಪ್ಪಿಸಬೇಕು. ಹಾಗಾಗಿ ಭಾರತೀಯರಿಗೆ ಸಿ-1 ಟ್ರಾನ್ಸಿಟ್ ವಿಸಾ ಅಥವಾ ಬಿ1/ಬಿ2 ಭೇಟಿ ವಿಸಾ ಬೇಕು. ವಿಸಾ ಬದಲು ಕೆಲವು ದೇಶದವರಿಗೆ ಸಿಗುವ ‘ಎಸ್ಟಾ’ ಎಂಬ ಆನ್‌ಲೈನ್ ಅನುಮತಿ ಭಾರತೀಯರಿಗಿಲ್ಲ.

ಸಿ-1ಕ್ಕೂ ಡಿಎಸ್-160 ಅರ್ಜಿ, 185 ಡಾಲರ್ ಶುಲ್ಕ, ಸಂದರ್ಶನ ಎಲ್ಲವೂ ಉಂಟು. ಅಷ್ಟೇ ಶ್ರಮ ಪಡುವುದಾದರೆ ಹತ್ತು ವರ್ಷದವರೆಗೆ ಸಿಗಬಹುದಾದ ಬಿ1/ಬಿ2ಗೇ ಅರ್ಜಿ ಹಾಕುವುದು ಒಳ್ಳೆಯದು, ಅದರಲ್ಲಿ ಟ್ರಾನ್ಸಿಟ್ ಕೂಡ ಮಾಡಬಹುದು. ವಿಸಾ ಇಲ್ಲದವರು ದಕ್ಷಿಣ ಅಮೆರಿಕಕ್ಕೆ ದುಬೈ, ದೋಹಾ, ಅಡಿಸ್ ಅಬಾಬಾ ಮೂಲಕ ಹೋಗುವ ದಾರಿ ಹುಡುಕಬೇಕು.

ವಿಮಾನ ಬದಲಿಸಲು ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ. ಕಂಪನಿ ಒಂದೂವರೆ ಗಂಟೆಯ ಕನೆಕ್ಷನ್ ಮಾರಬಹುದು, ಆದರೆ ಇಮಿಗ್ರೇಷನ್ ಸಾಲು ಅದನ್ನು ಕೇಳುವುದಿಲ್ಲ.

ಕೆನಡಾ

ಟೊರಾಂಟೊ, ವ್ಯಾಂಕೂವರ್ ಮೂಲಕ ಅಮೆರಿಕಕ್ಕೆ ಹೋಗುವವರಿಗೂ ಕೆನಡಾದ ಟ್ರಾನ್ಸಿಟ್ ವಿಸಾ ಬೇಕು. 48 ಗಂಟೆಯೊಳಗೆ ಹೊರಡುವವರಿಗೆ ಇದು ಪುಕ್ಕಟೆ, ಆದರೆ ಪುಕ್ಕಟೆ ಅಂದರೆ ತಕ್ಷಣ ಅಂತಲ್ಲ. ಅರ್ಜಿ ಹಾಕಿ, ಪಾಸ್‌ಪೋರ್ಟ್ ಕೊಟ್ಟು ವಿಸಾ ಅಂಟಿಸಿಕೊಳ್ಳುವುದಕ್ಕೆ ವಾರಗಳು ಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. 2023ರ ಜೂನ್‌ನಲ್ಲಿ ಕೆನಡಾ 13 ದೇಶದವರಿಗೆ, ಅಮೆರಿಕದ ವಿಸಾ ಇದ್ದರೆ ಸಾಕು, ಇಟಿಎ ಎಂಬ ಸುಲಭ ಆನ್‌ಲೈನ್ ಅನುಮತಿ ಕೊಡುವ ನಿಯಮ ತಂದಿತು. ಥಾಯ್ಲೆಂಡ್, ಫಿಲಿಪ್ಪೀನ್ಸ್ ಆ ಪಟ್ಟಿಯಲ್ಲಿವೆ, ಭಾರತ ಇಲ್ಲ. ಎಚ್-1ಬಿ (ಅಮೆರಿಕದ ಉದ್ಯೋಗ ವಿಸಾ) ಸ್ಟ್ಯಾಂಪ್ ಇರುವ ಭಾರತೀಯರೂ ಇಟಿಎ ಪಡೆಯಲಾಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದವರ ವಿಷಯ ಬೇರೆ: ಚಾಲ್ತಿಯಲ್ಲಿರುವ ಭಾರತೀಯ ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್ ಎರಡೂ ಕೈಯಲ್ಲಿದ್ದರೆ ಕೆನಡಾದ ವಿಸಾ, ಇಟಿಎ ಯಾವುದೂ ಬೇಡ.

ಬ್ರಿಟನ್

ಹೀಥ್ರೂನಲ್ಲಿ ಒಳಗೇ ವಿಮಾನ ಬದಲಿಸಿದರೂ ಭಾರತೀಯರಿಗೆ ಡೈರೆಕ್ಟ್ ಏರ್‌ಸೈಡ್ ಟ್ರಾನ್ಸಿಟ್ ವಿಸಾ ಬೇಕು. ಇಮಿಗ್ರೇಷನ್ ದಾಟುವುದಿದ್ದರೆ ಬೇರೆಯದು, ವಿಸಿಟರ್ ಇನ್ ಟ್ರಾನ್ಸಿಟ್ ವಿಸಾ. ಏರ್‌ಸೈಡ್ ವಿಸಾ ಪಡೆದವರು ಬ್ಯಾಗಿಗಾಗಿ ಹೊರಗೆ ಬರಲಾಗದು, ಅದಕ್ಕೇ ಎರಡರಲ್ಲಿ ಯಾವುದು ಬೇಕೆಂದು ಮೇಲೆ ಹೇಳಿದ ಬ್ಯಾಗಿನ ಲೆಕ್ಕದಿಂದ ತೀರ್ಮಾನಿಸಿ.

ಬೆಂಗಳೂರಿನಿಂದ ಲಂಡನ್ ಮೂಲಕ ಅಮೆರಿಕಕ್ಕೆ ಹೋಗುವ ಹೆಚ್ಚಿನವರಿಗೆ ಏನೂ ಬೇಕಾಗುವುದಿಲ್ಲ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ನಾಲ್ಕರಲ್ಲಿ ಒಂದರ ಚಾಲ್ತಿ ವಿಸಾ ಅಥವಾ ಕಾಯಂ ವಾಸದ ಪತ್ರ ಇದ್ದವರಿಗೆ ಏರ್‌ಸೈಡ್ ವಿಸಾದಿಂದ ವಿನಾಯಿತಿ ಇದೆ. ಇದೇ ದಾಖಲೆ ಮೇಲೆ, ಮರುದಿನ ರಾತ್ರಿ 11:59ರೊಳಗೆ ಹೊರಡುವ ಖಚಿತ ಟಿಕೆಟ್ ತೋರಿಸಿ, ಹೊರಗೆ ಹೋಗಲು ಅನುಮತಿ ಕೇಳುವ ಅವಕಾಶವೂ ಉಂಟು. ಆದರೆ ಅದು ಅಲ್ಲಿನ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಅಧಿಕಾರಿ ಒಪ್ಪದಿದ್ದರೆ ಮುಂದೇನು ಅನ್ನುವುದನ್ನು ಯೋಚಿಸಿಟ್ಟುಕೊಂಡು ಮಾತ್ರ ಅದನ್ನು ನಂಬಿ ಹೋಟೆಲ್ ಬುಕ್ ಮಾಡಿ.

ಷೆಂಗೆನ್: ಇಲ್ಲಿ ನಿಧಾನವಾಗಿ ಓದಿ

ಒಳಗಡಿ ತಪಾಸಣೆ ಇಲ್ಲದೆ ಒಂದೇ ವಿಸಾ ನಡೆಯುವ ಯುರೋಪಿನ ಷೆಂಗೆನ್ ಒಕ್ಕೂಟದಲ್ಲಿ ಎಲ್ಲ ದೇಶಗಳೂ ಭಾರತೀಯರಿಗೆ ಏರ್‌ಪೋರ್ಟ್ ಟ್ರಾನ್ಸಿಟ್ ವಿಸಾ ಕೇಳುವುದಿಲ್ಲ. ಒಕ್ಕೂಟದ ಸಾಮಾನ್ಯ ಪಟ್ಟಿಯಲ್ಲಿ ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ ಮುಂತಾದ 12 ದೇಶಗಳಿವೆ, ಭಾರತ ಅದರಲ್ಲಿಲ್ಲ. ಆದರೆ ಯಾವುದೇ ಸದಸ್ಯ ದೇಶ ತನ್ನ ಮಟ್ಟಿಗೆ ಇನ್ನಷ್ಟು ಹೆಸರು ಸೇರಿಸಬಹುದು. ಜರ್ಮನಿ, ಫ್ರಾನ್ಸ್ ಹೀಗೆ ಭಾರತವನ್ನು ಸೇರಿಸಿದ್ದವು, ನೆದರ್‌ಲೆಂಡ್ಸ್ ಸೇರಿಸಿರಲಿಲ್ಲ. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ನೇರ ವಿಮಾನ ಇರುವುದರಿಂದ ಈ ವ್ಯತ್ಯಾಸ ನಮ್ಮವರಿಗೆ ಕೆಲಸಕ್ಕೆ ಬರುವಂಥದ್ದು.

2026ರ ಜನವರಿಯಲ್ಲಿ ಜರ್ಮನಿಯ ಚಾನ್ಸಲರ್ ಭಾರತಕ್ಕೆ ಬಂದಾಗ ಹೊರಟ ಜಂಟಿ ಹೇಳಿಕೆಯಲ್ಲಿ ಭಾರತೀಯ ಪಾಸ್‌ಪೋರ್ಟ್‌ದಾರರಿಗೆ ಜರ್ಮನಿಯಲ್ಲಿ ವಿಸಾರಹಿತ ಟ್ರಾನ್ಸಿಟ್ ಘೋಷಣೆಯಾಯಿತು. ಘೋಷಣೆ ಬೇರೆ, ಜಾರಿ ಬೇರೆ. ನೀವು ಹೊರಡುವ ದಿನಕ್ಕೆ ಅದು ಜಾರಿಯಲ್ಲಿದೆಯೇ ಅಂತ ರಾಯಭಾರ ಕಚೇರಿಯ ಪುಟದಲ್ಲೂ ವಿಮಾನ ಕಂಪನಿಯಲ್ಲೂ ಕೇಳಿಯೇ ಟಿಕೆಟ್ ಕೊಳ್ಳಿ; ಪತ್ರಿಕೆಯ ಸುದ್ದಿ ತುಣುಕನ್ನು ಕೌಂಟರ್‌ನಲ್ಲಿ ತೋರಿಸಿದರೆ ಯಾರೂ ಹತ್ತಿಸುವುದಿಲ್ಲ. ಪ್ಯಾರಿಸ್ ಮೂಲಕ ಹೋಗುವವರೂ ಹೀಗೇ ಆ ಹೊತ್ತಿನ ನಿಯಮ ನೋಡಬೇಕು.

ಟ್ರಾನ್ಸಿಟ್ ವಿಸಾ ಕೇಳುವ ಷೆಂಗೆನ್ ದೇಶಗಳಲ್ಲೂ ಅಮೆರಿಕ, ಕೆನಡಾ, ಜಪಾನ್‌ನ ಚಾಲ್ತಿ ವಿಸಾ ಇರುವವರಿಗೆ ವಿನಾಯಿತಿ ಇದೆ. ‘ಚಾಲ್ತಿ’ ಎಂಬ ಆ ಒಂದು ಮಾತಿನ ಮೇಲೆ ಎಷ್ಟೋ ಜನರ ಪ್ರಯಾಣ ಮುರಿದುಬಿದ್ದಿದೆ. ಎಚ್-1ಬಿಯಲ್ಲಿರುವವರ ಐ-797 ಅನುಮೋದನೆ ಪತ್ರ ಇನ್ನೂ ಎರಡು ವರ್ಷಕ್ಕಿರಬಹುದು, ಅಮೆರಿಕದೊಳಗೆ ಇರಲು, ದುಡಿಯಲು ಅದು ಸಾಕು. ಆದರೆ ಪಾಸ್‌ಪೋರ್ಟಿನಲ್ಲಿರುವ ವಿಸಾ ಸ್ಟ್ಯಾಂಪಿನ ದಿನಾಂಕ ಮುಗಿದಿದ್ದರೆ ಈ ವಿನಾಯಿತಿಗೆ ಐ-797 ಲೆಕ್ಕಕ್ಕಿಲ್ಲ. ‘ಊರಿಗೆ ಹೋಗಿ ಸ್ಟ್ಯಾಂಪಿಂಗ್ ಮಾಡಿಸಿಕೊಂಡು ಬರುತ್ತೇನೆ’ ಅಂತ ಫ್ರಾಂಕ್‌ಫರ್ಟ್ ಮೂಲಕ ಹೊರಟವರನ್ನು ಸ್ಯಾನ್ ಫ್ರಾನ್ಸಿಸ್ಕೊದಲ್ಲೋ ಚಿಕಾಗೊದಲ್ಲೋ ತಡೆಯುತ್ತಿದ್ದುದು ಇದೇ ಕಾರಣಕ್ಕೆ. ಗ್ರೀನ್ ಕಾರ್ಡಿಗೆ ಕಾಯುತ್ತ ಅಡ್ವಾನ್ಸ್ ಪೆರೋಲ್‌ನಲ್ಲಿ (ಅಮೆರಿಕಕ್ಕೆ ಮರಳಲು ಕೊಡುವ ಅನುಮತಿ ಪತ್ರ) ಓಡಾಡುವವರೂ ಅದನ್ನು ವಿಸಾ ಅಂತ ತಿಳಿಯಬಾರದು. ಮಕ್ಕಳನ್ನು ನೋಡಲು ಹೋದ ತಂದೆತಾಯಿಗೂ ಇದು ತಟ್ಟುತ್ತದೆ: ಹತ್ತು ವರ್ಷದ ಬಿ2 ವಿಸಾ ಅವರು ಅಲ್ಲಿರುವಾಗಲೇ ಮುಗಿಯಬಹುದು. ಎಷ್ಟು ದಿನ ಇರಬಹುದು ಅಂತ ತಿಳಿಸುವ ಐ-94 ದಾಖಲೆಯ ಪ್ರಕಾರ ಅವರು ಅಲ್ಲಿರುವುದು ಕಾನೂನುಬದ್ಧವೇ, ಆದರೆ ಹಿಂತಿರುಗುವ ದಾರಿಯಲ್ಲಿ ವಿನಾಯಿತಿ ಕೈಬಿಡುತ್ತದೆ. ಇಂಥವರಿಗೆಲ್ಲ ನೇರ ವಿಮಾನ ಅಥವಾ ದುಬೈ, ದೋಹಾ, ಅಬುಧಾಬಿ ದಾರಿ ಹಿತ. ಅಲ್ಲಿ ಒಳಗೇ ವಿಮಾನ ಬದಲಿಸುವವರಿಗೆ ವಿಸಾ ಬೇಡ.

ಬ್ರಿಟನ್‌ನ ವಿಸಾ ಈ ವಿನಾಯಿತಿ ಪಟ್ಟಿಯಲ್ಲಿ ಇಲ್ಲ. ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿದ್ದಾಗ ಅದಕ್ಕೂ ಮಾನ್ಯತೆ ಇತ್ತು, ಹೊರಬಂದ ಮೇಲೆ ಹೋಯಿತು. ಲೀಡ್ಸ್‌ನಲ್ಲೋ ಮ್ಯಾಂಚೆಸ್ಟರ್‌ನಲ್ಲೋ ಓದುವ ವಿದ್ಯಾರ್ಥಿಗಳು ರಜೆಗೆ ಬೆಂಗಳೂರಿಗೆ ಬರುವಾಗ ಹಳೆಯ ಸೀನಿಯರ್‌ಗಳ ಮಾತು ನಂಬಿ ಟಿಕೆಟ್ ಮಾಡುವುದುಂಟು, ಹಾಗೆ ಮಾಡಬೇಡಿ.

ಇನ್ನೊಂದು ಬಲೆ, ಎರಡು ಷೆಂಗೆನ್ ನಿಲ್ದಾಣ. ಬೆಂಗಳೂರು–ಫ್ರಾಂಕ್‌ಫರ್ಟ್–ಲಿಸ್ಬನ್–ಸಾವೊ ಪಾಲೊ ಅಂತ ಟಿಕೆಟ್ ಇದೆ ಅನ್ನಿ. ಫ್ರಾಂಕ್‌ಫರ್ಟ್‌ನಿಂದ ಲಿಸ್ಬನ್‌ಗೆ ಹೋಗುವುದು ಷೆಂಗೆನ್ ಲೆಕ್ಕದಲ್ಲಿ ದೇಶದೊಳಗಿನ ಹಾರಾಟದಂತೆಯೇ. ಫ್ರಾಂಕ್‌ಫರ್ಟ್‌ನಲ್ಲೇ ಇಮಿಗ್ರೇಷನ್ ದಾಟಬೇಕು, ಅದಕ್ಕೆ ಪೂರ್ಣ ಷೆಂಗೆನ್ ವಿಸಾ ಬೇಕು. ಏರ್‌ಪೋರ್ಟ್ ಟ್ರಾನ್ಸಿಟ್ ವಿಸಾ ಇದಕ್ಕೆ ನಡೆಯದು, ಅಮೆರಿಕದ ವಿಸಾ ನಡೆಯದು, ಜರ್ಮನಿಯ ಹೊಸ ವಿಸಾರಹಿತ ಟ್ರಾನ್ಸಿಟ್ ಜಾರಿಗೆ ಬಂದರೂ ಇದಕ್ಕೆ ಉಪಯೋಗವಿಲ್ಲ. ಟಿಕೆಟ್‌ನಲ್ಲಿ ಎಷ್ಟು ಷೆಂಗೆನ್ ನಿಲ್ದಾಣ ಇವೆ ಅಂತ ಎಣಿಸಿ. ಒಂದಕ್ಕಿಂತ ಹೆಚ್ಚಿದ್ದು ವಿಸಾ ಇಲ್ಲದಿದ್ದರೆ ಆ ಟಿಕೆಟ್ ಬಿಟ್ಟುಬಿಡಿ.

ಕೊಲ್ಲಿ ಮತ್ತು ಪೂರ್ವದ ಕಡೆ

ದುಬೈನಲ್ಲಿ ಎಮಿರೇಟ್ಸ್ ಮತ್ತು ಫ್ಲೈದುಬೈ ಒಂದೇ ಟಿಕೆಟ್‌ನಲ್ಲಿದ್ದರೆ ಟರ್ಮಿನಲ್ 3 ಮತ್ತು 2ರ ನಡುವೆ ಒಳಗಿನಿಂದಲೇ ಬಸ್ಸು ಇದೆ. ಊರು ನೋಡುವ ಆಸೆ ಇದ್ದವರಿಗೆ 48 ಗಂಟೆಯ ಮತ್ತು 96 ಗಂಟೆಯ ಟ್ರಾನ್ಸಿಟ್ ವಿಸಾಗಳನ್ನು ವಿಮಾನ ಕಂಪನಿಗಳ ಮೂಲಕ ಮೊದಲೇ ಪಡೆಯಬಹುದು. ಕರ್ನಾಟಕದವರು ಇಲ್ಲೊಂದು ವಿಷಯ ಗಮನಿಸಬೇಕು. ನಮ್ಮಲ್ಲಿ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟು ಒಂದೇ ಪದದ ಹೆಸರು ಇಟ್ಟುಕೊಂಡವರು ಬಹಳ. 2022ರ ನವೆಂಬರ್‌ನಲ್ಲಿ ಯುಎಇ, ಒಂದೇ ಪದದ ಹೆಸರಿನ ಪಾಸ್‌ಪೋರ್ಟ್‌ಗೆ ಭೇಟಿ ವಿಸಾದ ಮೇಲೆ ಪ್ರವೇಶವಿಲ್ಲ ಎಂಬ ನಿಯಮ ತಂದಿತು; ಆಮೇಲೆ ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಹೆಸರಿರುವ ಕೆಲವರಿಗೆ ಸಡಿಲಿಸಿತು. ಅಂಥ ಹೆಸರಿನವರು ದುಬೈನಲ್ಲಿ ಸೆಲ್ಫ್ ಟ್ರಾನ್ಸ್‌ಫರ್ ಟಿಕೆಟ್ ಕೊಳ್ಳುವುದೇ ಬೇಡ.

ಸಿಂಗಪುರದಲ್ಲಿ ಒಳಗೇ ಬದಲಿಸುವುದಕ್ಕೆ ವಿಸಾ ಬೇಡ. ಹೊರಗೆ ಬರುವವರಿಗೆ, ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜಪಾನ್, ಜರ್ಮನಿ, ಸ್ವಿಟ್ಜರ್‌ಲೆಂಡ್ ಇವುಗಳಲ್ಲಿ ಒಂದರ ಚಾಲ್ತಿ ವಿಸಾ ಮತ್ತು 96 ಗಂಟೆಯೊಳಗೆ ಹೊರಡುವ ಟಿಕೆಟ್ ಇದ್ದರೆ ವಿಸಾರಹಿತ ಟ್ರಾನ್ಸಿಟ್ ಸೌಲಭ್ಯ ಇದೆ. ಹಾಂಗ್‌ಕಾಂಗ್‌ನಲ್ಲಿ ಹೊರಗೆ ಬರುವ ಭಾರತೀಯರು 2017ರಿಂದ ಆನ್‌ಲೈನ್ ಪೂರ್ವನೋಂದಣಿ ಮಾಡಿಸಿರಬೇಕು. ಒಳಗೇ ಇರುವವರಿಗೆ ಬೇಡ. ಚೀನಾದ 240 ಗಂಟೆಗಳ ವಿಸಾರಹಿತ ಟ್ರಾನ್ಸಿಟ್ ಪಟ್ಟಿಯಲ್ಲಿ ಭಾರತ ಇಲ್ಲ, 24 ಗಂಟೆಯೊಳಗಿನದು ಮಾತ್ರ ನಮಗೆ ಸಿಗುತ್ತದೆ.

ಕೌಂಟರ್‌ನವರು ನೋಡುವುದನ್ನೇ ನೀವೂ ನೋಡಿ

ವಿಮಾನ ಕಂಪನಿಗಳ ಸಿಬ್ಬಂದಿ ಸಾಮಾನ್ಯವಾಗಿ ನೋಡುವುದು ವಿಮಾನ ಕಂಪನಿಗಳ ಅಂತಾರಾಷ್ಟ್ರೀಯ ಸಂಘ ಐಎಟಿಎ ನಡೆಸುವ ‘ಟಿಮ್ಯಾಟಿಕ್’ ಎಂಬ ದತ್ತಕೋಶ. ಅದೇ ಮಾಹಿತಿ ಐಎಟಿಎ ಟ್ರಾವೆಲ್ ಸೆಂಟರ್ ಪುಟದಲ್ಲೂ ಹಲವು ವಿಮಾನ ಕಂಪನಿಗಳ ವೆಬ್‌ಸೈಟಿನಲ್ಲೂ ಸಾರ್ವಜನಿಕರಿಗೆ ಸಿಗುತ್ತದೆ. ಪೌರತ್ವ, ವಾಸವಿರುವ ದೇಶ, ಪಾಸ್‌ಪೋರ್ಟ್ ಮುಗಿಯುವ ದಿನ, ಕೈಯಲ್ಲಿರುವ ವಿಸಾಗಳು, ಟ್ರಾನ್ಸಿಟ್ ಆಗುವ ಪ್ರತಿ ನಿಲ್ದಾಣ, ಎಲ್ಲವನ್ನೂ ತುಂಬಬೇಕು. ತಲುಪುವ ಊರೊಂದನ್ನೇ ತುಂಬಿ ಟ್ರಾನ್ಸಿಟ್ ಜಾಗ ಖಾಲಿ ಬಿಟ್ಟರೆ ಉತ್ತರವೇ ತಪ್ಪು ಬರುತ್ತದೆ. ಹೋಗುವ ದಾರಿ, ಬರುವ ದಾರಿ ಎರಡನ್ನೂ ಬೇರೆ ಬೇರೆಯಾಗಿ ನೋಡಿ. ಉತ್ತರದ ಪುಟವನ್ನು ದಿನಾಂಕ ಕಾಣುವಂತೆ ಮುದ್ರಿಸಿ ಇಟ್ಟುಕೊಳ್ಳಿ.

ಮನೆಯವರ ಪಾಸ್‌ಪೋರ್ಟ್ ಬೇರೆ ಬೇರೆ ದೇಶದ್ದಾಗಿದ್ದರೆ ಒಬ್ಬೊಬ್ಬರಿಗೂ ಪ್ರತ್ಯೇಕ ನೋಡಬೇಕು. ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ ಹೀಥ್ರೂನಲ್ಲಿ ಇಮಿಗ್ರೇಷನ್ ದಾಟುವುದಾದರೆ ಬ್ರಿಟನ್‌ನ ಇಟಿಎ ಬೇಕು, ಭಾರತೀಯ ಪಾಸ್‌ಪೋರ್ಟಿನ ಅಪ್ಪ-ಅಮ್ಮನಿಗೆ ವಿಸಾ ನಿಯಮ. ಅದೇ ಮಗುವಿಗೆ ಭಾರತ ಪ್ರವೇಶಿಸಲು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಅಥವಾ ವಿಸಾ ಬೇಕು. ಹೊರಡುವ ಗಡಿಬಿಡಿಯಲ್ಲಿ ಕಾರ್ಡು ಮನೆಯಲ್ಲೇ ಉಳಿಯುವುದು ಅಪರೂಪವೇನಲ್ಲ.

ಹಳೆಯ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವಿಸಾ ಇನ್ನೂ ಚಾಲ್ತಿಯಲ್ಲಿದ್ದರೆ ಹಳೆಯದು, ಹೊಸದು ಎರಡನ್ನೂ ಕೈಚೀಲದಲ್ಲಿಡಿ, ಚೆಕ್-ಇನ್ ಬ್ಯಾಗಿನಲ್ಲಿ ಬೇಡ. ಪಾಸ್‌ಪೋರ್ಟಿನಲ್ಲಿ ಆರು ತಿಂಗಳ ಅವಧಿ ಉಳಿದಿರಲಿ. ಟಿಕೆಟ್‌ನ ಹೆಸರು ಪಾಸ್‌ಪೋರ್ಟಿಗೂ ವಿಸಾಗೂ ಹೊಂದಲಿ. ಗಿವನ್ ನೇಮ್ ಜಾಗ ಖಾಲಿ ಇರುವವರ ಅಮೆರಿಕ ವಿಸಾದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಅಂತ ಬರುವುದರಿಂದ ಟಿಕೆಟ್‌ನಲ್ಲಿ ಹೆಸರು ಹೇಗೆ ತುಂಬಬೇಕು ಅಂತ ಕಂಪನಿಯನ್ನೇ ಕೇಳಿ.

ಕೌಂಟರ್‌ನಲ್ಲಿ ‘ಆಗುವುದಿಲ್ಲ’ ಅಂದರೆ

ಮೊದಲು ಡ್ಯೂಟಿ ಸೂಪರ್‌ವೈಸರನ್ನು ಕರೆಸಿ, ಟಿಮ್ಯಾಟಿಕ್‌ನಲ್ಲಿ ಯಾವ ಸಾಲು ಅಡ್ಡಬಂದಿದೆ ಅಂತ ಓದಿ ಹೇಳಲು ಕೇಳಿ. ಎಷ್ಟೋ ಸಲ ಸಿಬ್ಬಂದಿ ನಿಮ್ಮ ಅಮೆರಿಕದ ವಿಸಾವನ್ನೋ ಗ್ರೀನ್ ಕಾರ್ಡನ್ನೋ ಸಿಸ್ಟಮ್‌ಗೆ ತುಂಬಿಯೇ ಇರುವುದಿಲ್ಲ. ತುಂಬಿದೊಡನೆ ದಾರಿ ತೆರೆಯುತ್ತದೆ. ನಿಜವಾಗಿಯೂ ವಿಸಾ ಬೇಕಿದ್ದರೆ ವಾದ ಮಾಡಿ ಪ್ರಯೋಜನವಿಲ್ಲ. ವಿಮಾನ ಹೊರಡುವ ಮೊದಲೇ ಟಿಕೆಟ್ ಬದಲಿಸಿಕೊಳ್ಳಿ. ಹೊರಟುಹೋದ ಮೇಲೆ ‘ನೋ-ಶೋ’ (ಬಾರದ ಪ್ರಯಾಣಿಕ) ಅಂತ ದಾಖಲಾಗಿ ಹಿಂತಿರುಗುವ ಟಿಕೆಟ್ಟೂ ರದ್ದಾಗಬಹುದು.

ಎಲ್ಲ ಸರಿಯಾಗಿ ಮಾಡಿಕೊಂಡವರನ್ನೂ ಕೆಡವುವುದು ವಿಮಾನ ರದ್ದಾದಾಗ. ದೋಹಾ ಮೂಲಕ ಹೊರಟವರನ್ನು ಕಂಪನಿ ಲಂಡನ್ ಮೂಲಕವೋ ಎರಡು ಷೆಂಗೆನ್ ನಿಲ್ದಾಣಗಳ ಮೂಲಕವೋ ತಾನಾಗಿ ಬದಲಿಸಿ ಮೆಸೇಜ್ ಕಳಿಸಿಬಿಡುತ್ತದೆ. ಬದಲಿಸುವ ಸಾಫ್ಟ್‌ವೇರ್ ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ನೋಡುವುದಿಲ್ಲ. ಹೊಸ ದಾರಿಯನ್ನು ಒಪ್ಪುವ ಮೊದಲು ಪ್ರತಿ ನಿಲ್ದಾಣವನ್ನು ಮತ್ತೆ ಪರೀಕ್ಷಿಸಿ, ‘ಈ ದೇಶದ ಟ್ರಾನ್ಸಿಟ್ ವಿಸಾ ನನಗಿಲ್ಲ, ಬೇರೆ ದಾರಿ ಕೊಡಿ’ ಅಂತ ಸ್ಪಷ್ಟವಾಗಿ ಹೇಳಿ. ವಿಮಾನ ರದ್ದು ಮಾಡಿದ್ದು ಅವರಾದ್ದರಿಂದ ಹೀಗೆ ಕೇಳಲು ಹಿಂಜರಿಯಬೇಕಿಲ್ಲ. ನಡುದಾರಿಯಲ್ಲಿ ಸಿಕ್ಕಿಕೊಂಡು ರಾತ್ರಿ ಕಳೆಯಬೇಕಾದರೆ, ಊರಿನ ಹೋಟೆಲ್ ಕೂಪನ್ ಪ್ರವೇಶಾನುಮತಿ ಇಲ್ಲದವರಿಗೆ ಕೆಲಸಕ್ಕೆ ಬಾರದು. ಇಮಿಗ್ರೇಷನ್‌ನ ಒಳಗಡೆಯೇ ಇರುವ ಹೋಟೆಲ್ ಕೇಳಿ: ದುಬೈ, ದೋಹಾ, ಸಿಂಗಪುರದ ಚಾಂಗಿಯಲ್ಲಿ ಅಂಥವು ಇವೆ, ಫ್ರಾಂಕ್‌ಫರ್ಟ್‌ನಲ್ಲಿ ಟರ್ಮಿನಲ್ 1ರ ಝಡ್ ವಲಯದಲ್ಲಿದೆ.